ಅಳಿಸಿ ಬರೆದ ಮೇಲೂ ಅದೇ ಚಿತ್ರವೇ?

ಶ್ರೀರಂಗಪಟ್ಟಣದ ಗಂಜಾಂ ದಾರಿಯಲ್ಲಿರುವ ದರಿಯಾ ದೌಲತ್ ಅರಮನೆಯನ್ನು ಟಿಪ್ಪು ಕಟ್ಟಿಸಿದ್ದು 1784ರಲ್ಲಿ. ಅದರ ಪಶ್ಚಿಮ ಗೋಡೆಯ ಪೊಳ್ಳಿಲೂರು ಯುದ್ಧಚಿತ್ರ, ಬ್ರಿಟಿಷರು ಊರಿಗೆ ಹಾಕಿದ 1799ರ ಮುತ್ತಿಗೆಗೆ ಮುಂಚೆಯೇ ಕೆಟ್ಟಿತ್ತು. ಬ್ರಿಟಿಷ್ ಸೇನಾಧಿಕಾರಿ ವೆಲ್ಲೆಸ್ಲಿ ಅದನ್ನು ದುರಸ್ತಿ ಮಾಡಿಸಿದ, ಆಮೇಲೆ ಅದರ ಮೇಲೆ ಸುಣ್ಣ ಬಳಿದರು. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ, ಹಳೆಯದನ್ನು ನೆನಪಿಟ್ಟಿದ್ದ ನಮ್ಮವನೇ ಒಬ್ಬ ಚಿತ್ರಗಾರ ಪುನಃ ಬರೆದ. ಈಗ ಕಾಣುವುದು ಅದೇ ಚಿತ್ರವೇ? ಯಾವುದೂ ಒಂದು ಕ್ಷಣಕ್ಕಿಂತ ಹೆಚ್ಚು ಉಳಿಯದು ಎನ್ನುವ ಕ್ಷಣಿಕವಾದಿ ಬೌದ್ಧರು ಅಲ್ಲ ಎಂದಾರು. ‘ಇದು ಅದೇ’ ಎಂಬ ಪ್ರತ್ಯಭಿಜ್ಞೆಯೇ, ಅಂದರೆ ಗುರುತು ಹಿಡಿಯುವ ಅರಿವೇ ಸಾಕ್ಷಿ ಎಂದು ನ್ಯಾಯದರ್ಶನದ ನೈಯಾಯಿಕರು ವಾದಿಸಿಯಾರು. ನನ್ನ ಒಲವು ನೈಯಾಯಿಕರ ಕಡೆಗೆ, ಆದರೆ ಕಾರಣ ಬೇರೆ. ಚಿತ್ರದ ಗುರುತು ಬಣ್ಣದ ಪುಡಿಯಲ್ಲಿಲ್ಲ, ಅದನ್ನು ಕಟ್ಟುವ ಕ್ರಮದಲ್ಲಿದೆ.

ಬಣ್ಣದ ಪೆನ್ಸಿಲ್ ಹಿಡಿದ ಹೊಸಬರ ಕೆಲಸದಲ್ಲಿ ಇದು ಸ್ಪಷ್ಟ. ಮೊದಲು ತೆಳುವಾದ ರೇಖೆ, ಆಮೇಲೆ ಹಗುರ ಕೈಯಲ್ಲಿ ತಿಳಿ ಬಣ್ಣ, ಅದರ ಮೇಲೆ ಪದರ ಪದರವಾಗಿ ಗಾಢ ಬಣ್ಣ. ಶುರುವಿನಲ್ಲೇ ಒತ್ತಿ ತೀಡಿದರೆ ಕಾಗದದ ತರಿ ಮೇಣದಿಂದ ತುಂಬಿ, ಮುಂದಿನ ಬಣ್ಣ ಹಿಡಿಯದು. ಬಿಳಿಯನ್ನು ಬಳಿಯುವುದಕ್ಕಿಂತ ಬಿಟ್ಟು ಉಳಿಸಿಕೊಳ್ಳುವುದೇ ಮೇಲು. ಕೆಂಪಿನ ನೆರಳಿಗೆ ಕಪ್ಪಿಗಿಂತ ತುಸು ಹಸಿರು ಸೇರಿಸುವುದು ಚೆನ್ನ. ಆ ಯುದ್ಧಚಿತ್ರದ ಒಂದು ಕುದುರೆಯನ್ನು ಹೀಗೆ ನೋಡಿ ಬರೆದವರು ಆಕಾರದ ಜೊತೆಗೆ ಯಾವುದರ ಮೇಲೆ ಯಾವುದು ಎಂಬ ನಿರ್ಣಯಗಳನ್ನೂ ಕಲಿಯುತ್ತಾರೆ.

ಗೋಡೆಗೆ ಪುನಃ ಬರೆದವನ ನೆನಪು ತಪ್ಪಬಹುದು, ಮೊದಲ ಕೈಯ ಬಳುಕು ಮರಳದು ಎಂಬ ಆಕ್ಷೇಪಣೆ ನ್ಯಾಯವೇ. ಆ ನಷ್ಟ ನಿಜ. ಆದರೆ ತಪ್ಪನ್ನು ತಪ್ಪೆಂದು ಗುರುತಿಸಲು ಮೂಲದ ಕ್ರಮ ಯಾರಲ್ಲಾದರೂ ಉಳಿದಿರಲೇಬೇಕು. ಮಕ್ಕಳು ನೋಡಿ ಬರೆದದ್ದನ್ನು ನಕಲು ಎಂದು ಹಳಿಯಬೇಡಿ. ಅರಮನೆಯ ಗೋಡೆ ಮುಟ್ಟದೆ, ಕಾಗದ ಪೆನ್ಸಿಲ್ ಹಿಡಿದು ಅದರೆದುರು ಕೂರಲು ಅವರನ್ನು ಕರೆದೊಯ್ಯಿರಿ.