ಚಿಕಿತ್ಸೆಯ ಲಂಘನವು ಉಪವಾಸವೇ?

ಉದರದ ಶಸ್ತ್ರಚಿಕಿತ್ಸೆಯಾದ ಎರಡನೆಯ ದಿನ ವೈದ್ಯರು ಗಂಜಿ ಕುಡಿಯಲು ಹೇಳಿದಾಗ ನಮ್ಮ ವ್ರತಿಗಳಲ್ಲಿ ಕೆಲವರು, “ಹೇಗೂ ಎರಡು ಉಪವಾಸ ಸಂದಿವೆ; ನಾಳೆ ಚತುರ್ದಶಿ, ಅದನ್ನೂ ಸೇರಿಸಿಯೇ ಪಾರಣೆ ಮಾಡುವೆನು” ಎನ್ನುವುದುಂಟು. ಮನೆಯವರಿಗೆ ಒತ್ತಾಯಿಸಲೂ ಭಯ, ಸುಮ್ಮನಿರಲೂ ಭಯ. ಹೀಗೆ ಕಳೆದ ದಿನಗಳು ವ್ರತವೆನಿಸುವುವೇ ಎಂಬುದು ವಿಚಾರಣೀಯ.

ಶಸ್ತ್ರಕ್ರಿಯೆಯ ಆಘಾತದಿಂದಲೂ, ನೋವು ತಣಿಸಲು ಕೊಡುವ ಅಫೀಮು ಜಾತಿಯ ಔಷಧಗಳಿಂದಲೂ ಕರುಳಿನ ಚಲನೆ ಕೆಲಕಾಲ ಸ್ತಬ್ಧವಾಗುತ್ತದೆ. ಸಾಮಾನ್ಯವಾಗಿ ಸಣ್ಣ ಕರುಳು ಒಂದು ದಿನದೊಳಗೆ ಎಚ್ಚರಗೊಂಡರೆ, ದೊಡ್ಡ ಕರುಳಿಗೆ 48ರಿಂದ 72 ಗಂಟೆ ಬೇಕು. ಅಪಾನವಾಯು ಸರಿಯುವವರೆಗೆ ಏನನ್ನೂ ಕೊಡಬಾರದೆಂಬುದು ಹಿಂದಿನ ಪದ್ಧತಿ. 1990ರ ದಶಕದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ ಮೊದಲಾದವರ ಪ್ರಯತ್ನದಿಂದ ಅದು ಬದಲಾಯಿತು. ಈಗ ಅನೇಕ ಶಸ್ತ್ರಚಿಕಿತ್ಸೆಗಳಲ್ಲಿ ಬೇಗನೆ ನೀರು, ಮೃದು ಆಹಾರ ಕೊಟ್ಟು, ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಹೊಟ್ಟೆಯುಬ್ಬರ, ವಾಂತಿ ಕಂಡರೆ ಮಾತ್ರ ಆಹಾರ ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಬೇಕು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ‘ಅಕಾಮನಿರ್ಜರೆ’ಯ ಪ್ರಸ್ತಾಪವಿದೆ. ಸೆರೆಯಲ್ಲಿ ಬಂಧಿತನಾದವನು ಬೇರೆ ದಾರಿಯಿಲ್ಲದೆ ಸಹಿಸುವ ಹಸಿವು ತೃಷೆಗಳನ್ನು ಪೂಜ್ಯಪಾದರು ಇದಕ್ಕೆ ನಿದರ್ಶನವಾಗಿ ಕೊಡುತ್ತಾರೆ. ಆಸ್ಪತ್ರೆಯ ಹಾಸಿಗೆಯ ನಿರಾಹಾರ ಇದಕ್ಕೇ ಸಮೀಪ. ಶಾಂತವಾಗಿ ಸಹಿಸಿದರೆ ಫಲವಿಲ್ಲವೆಂದಲ್ಲ. ಆದರೆ ಸಂಕಲ್ಪವಿಲ್ಲದ್ದು ಅನಶನ ತಪಸ್ಸಲ್ಲ. ಆಮೇಲೆ ಅದನ್ನು ವ್ರತದ ಲೆಕ್ಕಕ್ಕೆ ಸೇರಿಸುವುದು ಹಿಂದಿನ ತಾರೀಖು ಹಾಕಿ ಪತ್ರ ಬರೆದಂತೆ.

ಇನ್ನು ಕೆಲವರು ಸಲ್ಲೇಖನದ ಮಾತೆತ್ತುತ್ತಾರೆ. ಸಮಂತಭದ್ರಾಚಾರ್ಯರು ಅದಕ್ಕೆ ವಿಧಿಸಿದ ನಿಬಂಧನೆ ‘ನಿಷ್ಪ್ರತೀಕಾರ’, ಅಂದರೆ ಪರಿಹಾರವಿಲ್ಲದ ಸ್ಥಿತಿ. ನಾಲ್ಕು ದಿನಗಳಲ್ಲಿ ಸರಿಹೋಗುವ ಕರುಳಿಗೆ ಅದು ಹೇಗೆ ಅನ್ವಯಿಸೀತು? ಆ ಆಚಾರ್ಯರಿಗೇ ಭಸ್ಮಕವ್ಯಾಧಿ ಬಂದು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ನಿರಾಕರಿಸಿ, ಮುನಿವೇಷವನ್ನು ಬದಿಗಿಟ್ಟಾದರೂ ಆಹಾರದಿಂದ ರೋಗವನ್ನು ಶಮನಗೊಳಿಸಿಕೊಂಡು ಮರಳಿ ದೀಕ್ಷೆ ಪಡೆಯೆಂದು ಆಜ್ಞಾಪಿಸಿದರೆಂದು ಪರಂಪರೆಯ ಕಥೆ ಹೇಳುತ್ತದೆ. ಮುನಿಗೇ ಹೀಗಾದರೆ ಶ್ರಾವಕನ ಗಂಜಿಗೆ ಅಂಜಿಕೆಯೇಕೆ?

ರಾತ್ರಿಭೋಜನತ್ಯಾಗದ ವಿಷಯ ಬೇರೆ. ಮುಂಚಿತವಾಗಿ ಹೇಳಿದರೆ ಬಹುಮಟ್ಟಿಗೆ ವೈದ್ಯರು ಪಥ್ಯವನ್ನು ಸೂರ್ಯಾಸ್ತದೊಳಗೇ ಹೊಂದಿಸಿಕೊಡುತ್ತಾರೆ. ಕರುಳು ಚೇತರಿಸಲೆಂದು ಕೆಲವೆಡೆ ಚ್ಯೂಯಿಂಗ್ ಗಮ್ ಜಗಿಸುವುದೂ ಉಂಟು. ಕೆಲವು ಬಗೆಗಳಲ್ಲಿ ಪ್ರಾಣಿಜನ್ಯವಾದ ಜಿಲೆಟಿನ್ ಇರುವುದರಿಂದ ವಿಚಾರಿಸಿಯೇ ಕೊಳ್ಳಬೇಕು. ಅಷ್ಟಮಿ-ಚತುರ್ದಶಿಗಳ ನಿಯಮ ಹೊತ್ತವರು ಶಸ್ತ್ರಚಿಕಿತ್ಸೆಯ ದಿನ ಗೊತ್ತಾದೊಡನೆ ಗುರುಗಳ ಬಳಿ ಹೋಗಿ, ಗಾಯ ಮಾಗುವವರೆಗೆ ಏನು ಮಾಡಬೇಕೆಂದು ಕೇಳಿಕೊಂಡು ಬರಲಿ. ಮನೆಯವರೂ ಜೊತೆಗಿದ್ದು ಆ ಉತ್ತರವನ್ನು ಕೇಳಲಿ.