ಕುರುಬನ ಲೆಕ್ಕವೂ ರೋಗಿಗಳ ಲೆಕ್ಕವೂ



ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಹೇಳಿರುವ ಕುರುಬನಿಗೆ ನೂರು ಕುರಿಗಳಲ್ಲಿ ಒಂದು ತಪ್ಪಿಹೋಯಿತೆಂದು ಹೇಗೆ ತಿಳಿಯಿತು? ಎಣಿಸಿದ್ದರಿಂದಲೇ ಅಲ್ಲವೋ? ಎಣಿಸದವನು ಹುಡುಕಲಾರನು.

2020ನೆಯ ಇಸವಿ ಮಾರ್ಚಿ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಭಾರತದಲ್ಲಿ ಕೊರೊನಾ ವ್ಯಾಧಿಯಿಂದಾದ ಮರಣವೆಂದು ಮೊದಲು ದಾಖಲಾದದ್ದು ಅದೇ. ತರುವಾಯ ಮುಂಬಯಿ ಪುಣೆಗಳಿಗೆ ಕೂಲಿಗೆ ಹೋಗಿದ್ದ ಜನರು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಗೆ ಹಿಂದಿರುಗಿದರು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು, ಜ್ವರವುಂಟೋ ಕೆಮ್ಮುಂಟೋ ಎಂದು ಕೇಳಿ ಬರೆದುಕೊಂಡರು. ಆಗ ನಾವು ಸತ್ಯವನ್ನು ಹೇಳಿದೆವೋ? ಇಲ್ಲವೆ ನೆರೆಯವರು ದೂರಮಾಡುವರೆಂದು ಹೆದರಿ, ಒಳಗೆ ಮಲಗಿದ್ದವನನ್ನು ಮರೆಮಾಡಿದೆವೋ? ಪ್ರತಿಯೊಬ್ಬನು ತನ್ನನ್ನು ತಾನೇ ಶೋಧಿಸಿಕೊಳ್ಳಲಿ.

ಆ ಲೆಕ್ಕದ ಬಗೆಯನ್ನು ಕೇಳಿರಿ. ಒಂದು ವಾರ 100 ಮಂದಿಯನ್ನು ಪರೀಕ್ಷಿಸಿದಾಗ 5 ಮಂದಿಯಲ್ಲಿಯೂ, ಮರುವಾರ ಅಷ್ಟೇ ಮಂದಿಯನ್ನು ಪರೀಕ್ಷಿಸಿದಾಗ 10 ಮಂದಿಯಲ್ಲಿಯೂ ರೋಗವು ಕಂಡರೆ, ಅದು ಊರಲ್ಲಿ ಹಬ್ಬುತ್ತಿದೆಯೆಂದು ತಿಳಿಯಬೇಕು. ಆದರೆ 10 ಮಂದಿಯನ್ನು ಮಾತ್ರ ಪರೀಕ್ಷಿಸಿ, ರೋಗಿಗಳು ಇಬ್ಬರೇ ಎಂದು ಸಮಾಧಾನಪಡುವದು ಅಜ್ಞಾನವು. ಅದು ನೂರಕ್ಕೆ 20 ಆಯಿತಲ್ಲಾ! ಈ ಪ್ರಮಾಣವು 14 ದಿನಗಳ ವರೆಗೆ ನೂರಕ್ಕೆ 5ಕ್ಕಿಂತ ಕಡಿಮೆಯಾಗಿ ನಿಂತ ಮೇಲೆಯೇ ನಿರ್ಬಂಧಗಳನ್ನು ಸಡಿಲಿಸುವದು ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮೇ ತಿಂಗಳಲ್ಲಿ ತಿಳಿಸಿತು. ಹೀಗಿರಲಾಗಿ ಮರೆಮಾಡಿದ ಒಬ್ಬ ರೋಗಿಯು ಲೆಕ್ಕವನ್ನೇ ಸುಳ್ಳುಮಾಡುತ್ತಾನೆ. ಆ ಸುಳ್ಳನ್ನು ನಂಬಿದ ಊರು ಎಚ್ಚರತಪ್ಪುತ್ತದೆ.

ಯಾಜಕಕಾಂಡದ 13ನೆಯ ಅಧ್ಯಾಯದಲ್ಲಿ ಯಾಜಕನು ಮಚ್ಚೆ ಕಂಡವನನ್ನು ನೋಡಿ, ಏಳು ದಿನ ಪ್ರತ್ಯೇಕವಾಗಿರಿಸಿ, ತಿರಿಗಿ ನೋಡಬೇಕೆಂಬ ಕಟ್ಟಳೆಯುಂಟು. ಪಾಳೆಯದವರೆಲ್ಲರ ಕ್ಷೇಮಕ್ಕಾಗಿ ಅದು ಕೊಡಲ್ಪಟ್ಟಿತು. ಆದರೂ ಎಲ್ಲರೂ ತೊಲಗಿಸಿದ್ದ ಕುಷ್ಠರೋಗಿಯನ್ನು ಯೇಸು ಸ್ವಾಮಿಯು ಕೈಚಾಚಿ ಮುಟ್ಟಿದನು. ಆದುದರಿಂದ ರೋಗಿಯನ್ನು ಬೇರೆ ಇರಿಸಬೇಕಾದಾಗಲೂ ನಿಮ್ಮ ಹೃದಯದಿಂದ ದೂರಮಾಡಬೇಡಿರಿ. ಅವನ ಹೊಸ್ತಿಲಿಗೆ ರೊಟ್ಟಿಯನ್ನೂ ನೀರನ್ನೂ ತಂದಿಡಿರಿ. ಅವನ ಹೆಸರನ್ನು ಕಟ್ಟೆಯ ಮೇಲೆ ಆಡಿಕೊಳ್ಳಬೇಡಿರಿ. ನಾವು ಅವನನ್ನು ಹೀನೈಸದಿದ್ದರೆ ಅವನು ಯಾಕೆ ಅಡಗಿಕೊಂಡಾನು?

ಆ ವ್ಯಾಧಿಯ ಜಾಗತಿಕ ತುರ್ತು ಸ್ಥಿತಿಯು 2023ರ ಮೇ 5ರಂದು ಮುಗಿಯಿತೆಂದು ಸಾರಲಾಯಿತು. ಆದರೆ ಡೆಂಗಿ, ಕಾಲರಾ, ಕ್ಷಯಗಳು ಇನ್ನೂ ಮುಗಿದಿಲ್ಲ. ಇನ್ನೊಮ್ಮೆ ಯಾರಾದರೂ ಪುಸ್ತಕವನ್ನು ಹಿಡಿದು ನಿಮ್ಮ ಬಾಗಿಲಿಗೆ ಬಂದು ಕೇಳಿದರೆ, ತಪ್ಪಿಹೋದವರನ್ನು ಹುಡುಕುವ ಕುರುಬನನ್ನು ನೆನಸಿ ಸತ್ಯವನ್ನೇ ಹೇಳಿರಿ. ನಮ್ಮ ತಲೆಗೂದಲುಗಳನ್ನು ಸಹ ಎಣಿಸಿರುವ ತಂದೆಯು ನಿಮ್ಮ ಮನೆಗಳನ್ನು ಕಾಯಲಿ. ಆಮೆನ್.