ಬೆರಳಿನ ಬೆಲೆ

ಮನುಷ್ಯನ ಬೆರಳಿಗೆ ಬೆಲೆಯುಂಟೋ? ಉಂಟೆಂದು ಕಾನೂನು ಹೇಳಿತು. 1923ನೆಯ ವರುಷದ ಕೆಲಸಗಾರರ ಪರಿಹಾರ ಕಾಯಿದೆಯ ಪಟ್ಟಿಯು ತರುವಾಯ ತಿದ್ದಲ್ಪಟ್ಟಾಗ, ಹೆಬ್ಬೆರಳು ಹೋದರೆ ಸಂಪಾದನೆಯ ಶಕ್ತಿಯಲ್ಲಿ ನೂರಕ್ಕೆ 30 ಪಾಲು, ತೋರುಬೆರಳು ಹೋದರೆ 14, ಕಿರುಬೆರಳು ಹೋದರೆ 7 ಪಾಲು ನಷ್ಟವೆಂದು ಎಣಿಸಲ್ಪಟ್ಟಿತು. ಈ ಲೆಕ್ಕವು ಕ್ರೂರವಾಗಿ ತೋರಬಹುದು. ಆದರೂ ಲೆಕ್ಕವೇ ಇಲ್ಲದಿದ್ದರೆ ಬಡವನಿಗೆ ಒಂದು ಕಾಸೂ ಸಿಕ್ಕದು.

ಆದರೆ ಬೆಲೆ ಕೊಟ್ಟ ಮಾತ್ರಕ್ಕೆ ದೋಷವು ತೀರಿತೋ? ಹರಿಯಾಣದ ಮಾನೇಸರ, ಫರೀದಾಬಾದುಗಳಲ್ಲಿ ಮೋಟಾರು ವಾಹನಗಳ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಗಳುಂಟು. ಅಲ್ಲಿ ತಗಡನ್ನು ಅಚ್ಚಿನಲ್ಲಿ ಒತ್ತುವ ಪವರ್ ಪ್ರೆಸ್ಸಿಗೆ ಸಿಕ್ಕಿ ಅನೇಕ ಯೌವನಸ್ಥರ ಬೆರಳುಗಳು ಜಜ್ಜಿಹೋಗಿವೆ. “ಅವನ ಅಜಾಗ್ರತೆಯೇ ಕಾರಣ” ಎಂದು ಹೇಳುವವರುಂಟು. ಹೌದು, ಒಂದೇ ಕೆಲಸವನ್ನು ದಿನವೆಲ್ಲಾ ಮಾಡುವವನು ಒಂದು ಸಲ ಮೈಮರೆಯುವನು. ಇದು ಮನುಷ್ಯಸ್ವಭಾವ, ಯಂತ್ರ ಮಾಡಿದವರೂ ಇದನ್ನು ಬಲ್ಲರು. ಆದಕಾರಣವೇ ಎರಡು ಕೈಗಳಿಂದಲೂ ಗುಂಡಿಗಳನ್ನೊತ್ತಿದ ಹೊರತು ಇಳಿಯದ ಪ್ರೆಸ್ಸೂ, ಕೈ ಅಡ್ಡ ಬಂದರೆ ಯಂತ್ರವನ್ನು ನಿಲ್ಲಿಸುವ ಬೆಳಕಿನ ತೆರೆಯೂ ಕಲ್ಪಿಸಲ್ಪಟ್ಟಿವೆ. ಈ ಉಪಾಯವನ್ನು ಅರಿತೂ ಖರ್ಚಿಗೆ ಅಂಜಿ ಇಡದವನು, ಇಲ್ಲವೆ ವೇಗಕ್ಕೋಸ್ಕರ ಅದನ್ನು ಕಳಚಿಸಿದವನು, ಮೈಮರೆತವನಿಗಿಂತ ಹೆಚ್ಚು ದೋಷಿಯಲ್ಲವೋ? ಒಬ್ಬನು ಕ್ಷಣಮಾತ್ರ ಮರೆತನು. ಇನ್ನೊಬ್ಬನು ಯೋಚಿಸಿ ನಿಶ್ಚಯಿಸಿದನು.

ಬೆರಳು ಕಳೆದುಕೊಂಡವನು ಊರಿಗೆ ಬಂದಾಗ ಅಂಗಿಯ ಗುಂಡಿ ಹಾಕಲು ಕಷ್ಟಪಡುವನು, ಕುಡುಗೋಲನ್ನು ಬಿಗಿಹಿಡಿಯಲಾರನು, ನಾಚಿಕೆಯಿಂದ ಕೈಯನ್ನು ಮರೆಮಾಡುವನು. ಪಟ್ಟಿಯಲ್ಲಿ ಈ ನಾಚಿಕೆಗೆ ಅಂಕಿಯಿಲ್ಲ. ಆಗ ನಾವು “ನಿನ್ನ ಕಣ್ಣು ಎಲ್ಲಿತ್ತು?” ಎಂದು ಕೇಳದೆ, “ಯಂತ್ರಕ್ಕೆ ಕಾವಲು ಇತ್ತೋ?” ಎಂದು ಕೇಳುವದು ನ್ಯಾಯ. ಮೊದಲನೆಯ ಪ್ರಶ್ನೆಯು ಗಾಯದ ಮೇಲೆ ಇನ್ನೊಂದು ಗಾಯ. ಎರಡನೆಯದು ಮತ್ತೊಬ್ಬನ ಕೈಯನ್ನು ಉಳಿಸೀತು.